ಹೀರಿದರೆ ಕೂಗುವ ಪೀಪಿ

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಎದೆರೋಗ ವಿಭಾಗದ ಉದ್ದನೆಯ ಓಣಿಯ ತುದಿಯಲ್ಲಿ ಒಂದೇ ಒಂದು ಕೋಣೆಗೆ ಬೆಳಕಿದೆ. ಒಳಗೆ ನೀಲಿ ಬಕೆಟ್ಟಿನ ಮುಂದೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾರೆ. ರಾತ್ರಿ ವಾರ್ಡಿನಲ್ಲಿ ಬಳಸಿದ ಪ್ಲಾಸ್ಟಿಕ್ ಬುರುಡೆಗಳನ್ನೆಲ್ಲ ಕ್ರಿಮಿನಾಶಕದಿಂದ ತೆಗೆದು, ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ಅದ್ದಿ, ಒಂದೊಂದನ್ನೂ ಎಳೆಮಗುವಿನ ತಲೆ ತೊಳೆದ ಹಾಗೆ ತೊಳೆದು, ಜಾಡಿಸಿ, ತಂತಿಯ ಚೌಕಟ್ಟಿನ ಮೇಲೆ ಬೋರಲು ಹಾಕುತ್ತಾರೆ. ಉಬ್ಬಸದವರು ಸ್ಪ್ರೇ ಔಷಧಿಯನ್ನು ಈ ಬುರುಡೆಯೊಳಕ್ಕೆ ಹೊಡೆದುಕೊಂಡು, ಅಲ್ಲಿಂದ ನಿಧಾನವಾಗಿ ಉಸಿರಿಗೆ ಎಳೆದುಕೊಳ್ಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಆಯಾ ಸಹಾಯ ಮಾಡೋಣವೆಂದು ಒಣಬಟ್ಟೆ ತೆಗೆದುಕೊಂಡು ಬರುತ್ತಾಳೆ.

"ಬಟ್ಟೆ ಕೆಳಗಿಡು ತಾಯಿ. ಒರೆಸಿದ್ರೆ ಅದಕ್ಕೆ ಸಿಟ್ಟು ಬರುತ್ತೆ."

"ಬುರುಡೆಗೆ ಸಿಟ್ಟಾ?"

"ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟ್ಕೊಳ್ಳಲ್ವಾ? ಹಾಗೇನೇ. ಬಟ್ಟೆಯಲ್ಲಿ ಉಜ್ಜಿದ್ರೆ ಔಷಧಿ ಎಲ್ಲಾ ಗೋಡೆಗೆ ಅಂಟ್ಕೊಂಡು ಕೂರುತ್ತೆ, ಎದೆಗೆ ಇಳಿಯಲ್ಲ. ನನಗೂ ಮೊದಲು ಗೊತ್ತಿರ್ಲಿಲ್ಲ. ಕನ್ನಡಿ ಒರೆಸಿದ ಹಾಗೆ ಒರೆಸಿಡ್ತಿದ್ದೆ, ಹೊಳೀಲಿ ಅಂತ. ಹೊಳೀತಿತ್ತು. ಅಷ್ಟೇ."

ಬಾಗಿಲ ಮೇಲಿನ ಫಲಕದಲ್ಲಿ 'ಶ್ವಾಸ ಪರೀಕ್ಷಾ ಕೊಠಡಿ' ಎಂದು ಬರೆದಿದೆ. ಈ ಹೆಂಗಸಿನ ಹುದ್ದೆಯ ಹೆಸರು ಉಸಿರಾಟ ತಂತ್ರಜ್ಞೆ. ಆದರೆ ಆ ಎರಡು ಹೆಸರುಗಳನ್ನೂ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ರೋಗಿಗಳಿಗೆ, ನರ್ಸುಗಳಿಗೆ, ಗೇಟಿನ ಕಾವಲುಗಾರನಿಗೆ, ಕಡೆಗೆ ದೊಡ್ಡ ಡಾಕ್ಟರಮ್ಮನಿಗೂ ಇವರು ಪೀಪಿ ಅಕ್ಕ. "ಔಷಧಿ ಬರ್ದಿದೀನಿ, ಹೋಗಿ ಪೀಪಿ ಅಕ್ಕನ ಹತ್ರ ಕೂತ್ಕೊಳ್ಳಿ" ಎಂದು ಡಾಕ್ಟರಮ್ಮ ಹೇಳಿದರೆ, ಮೊದಲ ಸಲ ಬಂದವರು ತಮಾಷೆಯಿರಬೇಕು ಎಂದುಕೊಳ್ಳುತ್ತಾರೆ. ಒಳಗೆ ಬಂದು ನೋಡಿದರೆ ನಿಜವಾಗಿಯೂ ಪೀಪಿಯೇ. ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವಂಥ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತುಂಡು. ವ್ಯತ್ಯಾಸ ಇಷ್ಟೇ: ಆ ಪೀಪಿ ಊದಿದರೆ ಕೂಗುತ್ತದೆ, ಈ ಪೀಪಿ ಹೀರಿದರೆ ಕೂಗುತ್ತದೆ. ಔಷಧಿ ಎದೆಯ ತಳ ಮುಟ್ಟುವಷ್ಟು ಜೋರಾಗಿ ಉಸಿರೆಳೆದರೆ 'ಪೀ' ಅನ್ನುತ್ತದೆ. ಸಾಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಬೆಳಗಾಗುತ್ತಿದ್ದಂತೆ ಓಣಿಯ ಬೆಂಚುಗಳು ತುಂಬುತ್ತವೆ. ದಿನಕ್ಕೆ ನಲವತ್ತು, ಐವತ್ತು ಜನ. ಚಳಿಗಾಲವಾದರೆ ಲೆಕ್ಕ ಕೇಳಬಾರದು. ಒಬ್ಬೊಬ್ಬರೂ ಒಳಗೆ ಬಂದು ಮೊದಲು ಯಂತ್ರಕ್ಕೆ ಊದಬೇಕು. ಎದೆಯಲ್ಲಿ ಎಷ್ಟು ಜಾಗವಿದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. "ಊದಿ, ಊದಿ, ಊದಿ, ಬಿಡಬೇಡಿ, ಹೊಟ್ಟೆಕಿಚ್ಚೆಲ್ಲ ಹೊರಗೆ ಬರಲಿ, ಇನ್ನೂ ಇದೆ, ಇನ್ನೂ ಇದೆ" ಎಂದು ಅಕ್ಕ ಕೂಗುವುದು ಮೆಟ್ಟಿಲಿನವರೆಗೂ ಕೇಳುತ್ತದೆ. ಊದುವ ಸರದಿ ಮುಗಿದ ಮೇಲೆ ಹೀರುವ ಪಾಠ. ಅದೇ ನಿಜವಾದ ಕೆಲಸ.

ಪಾಠಕ್ಕೆಂದು ಮೇಜಿನ ಮೇಲೆ ಒಂದು ಸಂಸಾರವನ್ನೇ ಜೋಡಿಸಿಟ್ಟುಕೊಂಡಿದ್ದಾರೆ. ಹಳೆಯ ಸ್ಪ್ರೇ, ಅದರ ಬುರುಡೆ, ಪುಡಿಯ ಡಬ್ಬಿಗಳು, ಹೊಸದಾಗಿ ಬಂದ, ಔಷಧಿಯನ್ನು ಮಂಜಿನಂತೆ ಬಿಡುವ ಇನ್ಹೇಲರು, ಎಲ್ಲಕ್ಕಿಂತ ಹೊಸದಾದ ಸೆನ್ಸರ್ ಟೊಪ್ಪಿಗೆ. ಯಾವುದು ಹೇಗೆ ಎಂದು ಕೇಳಿದರೆ ಅಕ್ಕ ಅವನ್ನೆಲ್ಲ ನೆಂಟರ ಹಾಗೆ ಪರಿಚಯಿಸುತ್ತಾರೆ.

"ಈ ಸ್ಪ್ರೇ ಇದೆಯಲ್ಲ, ಅವಸರದ ಸೊಸೆ. ಒತ್ತಿದ ತಕ್ಷಣ ಹೊರಗೆ ಬಂದ್ಬಿಡುತ್ತೆ, ನೀವು ಅದೇ ಕ್ಷಣ ನಿಧಾನಕ್ಕೆ ಎಳ್ಕೋಬೇಕು. ತಡವಾಯ್ತೋ, ಗಂಟಲಿಗೆ ಬಡಿದು ಅಲ್ಲೇ ಕೂರುತ್ತೆ. ಈ ಬುರುಡೆ ಅತ್ತೆ. ಸೊಸೇನ ಒಂದು ಗಳಿಗೆ ಹಿಡಿದು ಕೂರಿಸುತ್ತೆ. ಪುಡಿ ಡಬ್ಬಿ ಸೋಮಾರಿ ಅಳಿಯ. ತಾನಾಗಿ ಏಳಲ್ಲ, ನೀವು ಜೋರಾಗಿ ಎಳೆದ್ರೇನೇ ಬರೋದು. ಮಂಜಿಂದು ದೊಡ್ಡಕ್ಕ ಇದ್ದ ಹಾಗೆ. ಒಳಗೆ ಸ್ಪ್ರಿಂಗ್ ಇದೆ, ಮೆಲ್ಲಗೆ, ಹದವಾಗಿ ಬರ್ತಾಳೆ, ಮುದುಕರಿಗೂ ಒಗ್ಗುತ್ತೆ. ಇನ್ನು ಈ ಟೊಪ್ಪಿಗೆ" ಎಂದು ಗುಂಡಿಯಷ್ಟಗಲದ ಬಿಳಿ ಮುಚ್ಚಳವನ್ನು ಎತ್ತಿ ತೋರಿಸುತ್ತಾರೆ, "ಇವಳು ಚಾಡಿ ಹೇಳೋ ನಾದಿನಿ. ಡಬ್ಬಿ ಮೇಲೆ ಕೂತ್ಕೊಂಡು, ನೀವು ಇವತ್ತು ಔಷಧಿ ತಗೊಂಡ್ರೋ ಇಲ್ವೋ ಅಂತ ಫೋನಿಗೆ ಹೇಳ್ಬಿಡ್ತಾಳೆ. ತಗೊಂಡ್ರೆ ಹಸಿರು ಚುಕ್ಕೆ, ಇಲ್ದಿದ್ರೆ ಕೆಂಪು."

ಎಲ್ಲರೂ ನಗುತ್ತಾರೆ. ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮು ನಿಂತ ಮೇಲೆ ಪಾಠ ಮುಂದುವರಿಯುತ್ತದೆ.

ಜನ ಮಾಡುವ ಎಡವಟ್ಟುಗಳ ಕತೆ ಕೇಳಬೇಕೆಂದರೆ ಒಂದು ಬೆಳಗ್ಗೆ ಸಾಲದು. ಸ್ಪ್ರೇಯನ್ನು ಅಂಗಿ ಬಿಚ್ಚಿ ಎದೆಗೆ ಹೊಡೆದುಕೊಂಡು ಚೆನ್ನಾಗಿ ತಿಕ್ಕುತ್ತಿದ್ದ ಬಡಗಿಯೊಬ್ಬರಿದ್ದರು. ಎದೆಗೆ ಔಷಧಿ ಅಂದರಲ್ಲ, ಎದೆಗೇ ಹಾಕಿದ್ದೇನೆ, ತಪ್ಪೇನು ಎಂದು ಅವರೇ ಗದರಿದ್ದರು. ಇನ್ನೊಂದು ಮನೆಯ ಗಂಡ ಹೆಂಡತಿ ಒಂದೇ ಇನ್ಹೇಲರನ್ನು ಹಂಚಿಕೊಂಡಿದ್ದರು, ಬೆಳಗ್ಗೆ ಅವರದು, ಸಂಜೆ ಇವರದು. ಅಕ್ಕ ಯಾರಿಗೂ ಬೈಯುವುದಿಲ್ಲ. ಬೈಯುವ ಮುಖವೇ ತಮಗಿಲ್ಲ ಎನ್ನುತ್ತಾರೆ. ಅದಕ್ಕೆ ಕಾರಣ ಅವರ ತಾಯಿ.

ತಾಯಿ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಹತ್ತಿ ಹಿಂಜಿದವರು. ಎದೆಯಲ್ಲಿ ಹತ್ತಿಯ ದೂಳು ಮನೆ ಮಾಡಿತು. ಆಗ ಮಗಳು ಇದೇ ಆಸ್ಪತ್ರೆಯಲ್ಲಿ ಟ್ರಾಲಿ ತಳ್ಳುತ್ತಿದ್ದರು. ಅಮ್ಮನಿಗೆ ಪುಡಿ ತುಂಬಿದ ಕ್ಯಾಪ್ಸೂಲುಗಳನ್ನೂ ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಸಾಧನವನ್ನೂ ಕೊಟ್ಟರು. ಕ್ಯಾಪ್ಸೂಲನ್ನು ಆ ಸಾಧನದೊಳಗಿಟ್ಟು, ಚುಚ್ಚಿ, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬೇಕು. ಅಮ್ಮ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದರು. ದಿನಾ ನುಂಗಿದರು, ತಪ್ಪದೆ ನುಂಗಿದರು. ಸಾಧನವನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟರು, ಔಷಧಿಯ ಜೊತೆ ಪುಕ್ಕಟೆ ಬಂದ ಆಟದ ಸಾಮಾನಿರಬೇಕು, ಮುಂದೆ ಮೊಮ್ಮಕ್ಕಳಿಗಾಗುತ್ತದೆ ಎಂದು. ಒಂದು ಇಡೀ ಚಳಿಗಾಲ ಹೀಗೇ ಕಳೆದು, ಉಸಿರು ಸಿಕ್ಕದೆ ವಾರ್ಡಿಗೆ ಸೇರಿದ ಮೇಲಷ್ಟೇ ಸಂಗತಿ ಬಯಲಾದದ್ದು.

ಅಮ್ಮ ಈಗಲೂ ಗಟ್ಟಿಯಾಗಿದ್ದಾರೆ. ಆ ಕತೆ ಎತ್ತಿದರೆ ಅವರಿಗೆ ನಾಚಿಕೆಯಿಲ್ಲ. "ಒಂದು ಮಾತು ಹೇಳ್ತೀನಿ ಕೇಳು, ಅವತ್ತಿಂದ ನನ್ನ ಹೊಟ್ಟೆಗೆ ಒಂದು ದಿನಾನೂ ಉಬ್ಬಸ ಬಂದಿಲ್ಲ" ಎನ್ನುತ್ತಾರೆ. ಮಗಳು ಮಾತ್ರ ಆ ಚಳಿಗಾಲವನ್ನು ಮರೆಯಲಿಲ್ಲ. ಟ್ರಾಲಿ ತಳ್ಳುತ್ತಲೇ ಸಂಜೆಯ ತರಗತಿಗೆ ಹೋದರು. ಪಾಸಾಗದೆ ಒಮ್ಮೆ ವಾಪಸು ಬಂದರು, ಮತ್ತೆ ಹೋದರು, ತಂತ್ರಜ್ಞೆಯಾಗಿ ಇದೇ ಓಣಿಗೆ ಮರಳಿದರು. "ಔಷಧಿ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಅದು ಎದೆಗೆ ಹೋಯ್ತಾ ಅಂತ ನೋಡೋರು ಒಬ್ಬರಾದ್ರೂ ಬೇಕಲ್ವಾ?" ಎನ್ನುತ್ತಾರೆ.

ಇಷ್ಟು ವರ್ಷ ನೋಡಿದ ಮೇಲೂ ಈ ವರ್ಷ ಒಬ್ಬರು ಇವರ ನಿದ್ದೆ ಕೆಡಿಸಿದ್ದಾರೆ. ಇವತ್ತು ಬೆಳಗ್ಗೆ ಅಕ್ಕ ಬುರುಡೆ ತೊಳೆಯುತ್ತ ಓಣಿಯ ಕಡೆಗೇ ಕಿವಿ ಇಟ್ಟುಕೊಂಡಿರುವುದು ಅವರಿಗಾಗಿ. ಅವರು ಗಾಜಿನ ತಾತ.

ತಾತ ಐವತ್ತು ವರ್ಷ ಗಾಜು ಊದಿದವರು. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜಿನ ಉಂಡೆ ತೆಗೆದು, ಇತ್ತ ಕಡೆಯಿಂದ ಊದಿ, ದೀಪದ ಬುರುಡೆ, ಹೂದಾನಿ, ಪ್ರಯೋಗಾಲಯದ ಸೀಸೆ ಮಾಡುವ ಕಸುಬು. ದೂಳು, ಹೊಗೆ, ಬಿಸಿ ಎಲ್ಲ ಸೇರಿ ಶ್ವಾಸಕೋಶ ಸೋತಿತು. ಈಗ ಊದುವುದು ಮಗಳು. ತಾತ ಕುಲುಮೆಯಿಂದ ದೂರ, ಬಾಗಿಲ ಬಳಿ ಗಾಳಿ ಬರುವ ಕಡೆ ಎತ್ತರದ ಸ್ಟೂಲಿನ ಮೇಲೆ ಕೂತು ಗಾಜಿನ ಬಣ್ಣ ನೋಡುತ್ತಾರೆ. ಯಾವ ಕೆಂಪಿಗೆ ಊದಬೇಕು, ಯಾವ ಕಿತ್ತಳೆಗೆ ತಿರುಗಿಸಬೇಕು, ಯಾವಾಗ ಕೈ ಬಿಡಬೇಕು ಎಂದು ಹೇಳುತ್ತಾರೆ. "ಅಪ್ಪನ ಕಣ್ಣು ಇಲ್ಲದ ದಿನ ನನ್ನ ಅರ್ಧ ಸಾಮಾನು ಸೀಳಿ ಹೋಗುತ್ತೆ" ಎನ್ನುತ್ತಾಳೆ ಮಗಳು.

ಆರು ತಿಂಗಳ ಹಿಂದೆ ಅವರಿಗೆ ಪುಡಿಯ ಹೊಸ ಇನ್ಹೇಲರು ಕೊಟ್ಟರು. ಅಂಗೈಯಗಲದ ದುಂಡು ಚಪ್ಪಟೆ ಡಬ್ಬಿ, ಅಂಚಿನಲ್ಲಿ ಬಾಯಿಗಿಡುವ ಗಿಡ್ಡ ಮೂತಿ. ಮೇಲೆ ಚಾಡಿಕೋರ ಟೊಪ್ಪಿಗೆ. ದಿನವೂ ಹಸಿರು ಚುಕ್ಕೆ ಬಂತು, ಒಂದು ದಿನವೂ ತಪ್ಪಲಿಲ್ಲ. ಆದರೆ ತಾತ ಮೆಟ್ಟಿಲ ಮೇಲೆ ಕೂತು ಕೂತು ಬರುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತಲೇ ಇತ್ತು. ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: ಇನ್ನು ಮೂರು ತಿಂಗಳು ನೋಡೋಣ, ಆಮೇಲೂ ಹೀಗೇ ಇದ್ದರೆ ಮನೆಯಲ್ಲಿ ಆಮ್ಲಜನಕದ ಯಂತ್ರ ಇಡಬೇಕಾಗುತ್ತದೆ, ಹೆಚ್ಚುಕಡಿಮೆ ದಿನವಿಡೀ ಮೂಗಿಗೆ ಕೊಳವೆ ಇರಬೇಕು.

"ಇರಲಿ" ಎಂದರು ತಾತ. "ಸ್ಟೂಲ್ ಪಕ್ಕ... ಇಟ್ಕೊಳ್ತೀನಿ."

"ಬೆಂಕಿ ಇರೋ ಕಡೆ ಅದನ್ನ ಇಡೋ ಹಾಗಿಲ್ಲ ತಾತ. ಆಮ್ಲಜನಕ ಇದ್ದ ಕಡೆ ಕಿಡಿ ಬಿದ್ರೆ ಭಗ್ ಅನ್ನುತ್ತೆ. ಕುಲುಮೆಯ ಮನೆಗೆ ಹೋಗೋದು ನಿಲ್ಲಿಸಬೇಕಾಗುತ್ತೆ."

ತಾತ ಪೀಪಿ ಅಕ್ಕನ ಕಡೆ ತಿರುಗಿ, "ಉಸಿರು ಕೊಟ್ಟು... ಕೆಲಸ ಕಿತ್ಕೊಳ್ತಾರಂತೆ... ನೋಡಮ್ಮ" ಎಂದರು. ನಕ್ಕರು ಕೂಡ. ಆ ನಗು ನೋಡುವುದು ಅಕ್ಕನಿಂದ ಆಗಲಿಲ್ಲ.

ಅವತ್ತೇ ಅಕ್ಕ ತಾತನ ಕೈಗೆ ಪೀಪಿ ಕೊಟ್ಟು ಹೀರಿಸಿದರು. ಕೆನ್ನೆಗಳು ಗುಳಿ ಬಿದ್ದವು, ಹುಬ್ಬು ಮೇಲೇರಿತು, ಪೀಪಿ ತುಟಿಪಿಟಕ್ಕೆನ್ನಲಿಲ್ಲ. ಮತ್ತೆ ಕೊಟ್ಟರು, ಮತ್ತೆ ಅದೇ. ಚಾಡಿಕೋರ ಟೊಪ್ಪಿಗೆ ಸುಳ್ಳು ಹೇಳಿರಲಿಲ್ಲ, ತಾತ ದಿನವೂ ಡಬ್ಬಿ ತೆರೆದು ಗುಂಡಿ ಸರಿಸಿದ್ದರು. ಆದರೆ ಆ ಮಾದರಿಯ ಟೊಪ್ಪಿಗೆಗೆ ಗುಂಡಿ ಸರಿದದ್ದು ಗೊತ್ತೇ ಹೊರತು ಉಸಿರು ಹೋದದ್ದು ಗೊತ್ತಿಲ್ಲ. ಪುಡಿ ಡಬ್ಬಿಯಲ್ಲೇ ಉಳಿದಿತ್ತು. ಎದೆಗೆ ಶಕ್ತಿಯಿಲ್ಲವೇನೋ ಎಂದು ಡಾಕ್ಟರಮ್ಮ ಮಂಜಿನ ಇನ್ಹೇಲರು ಕೊಟ್ಟು ನೋಡಿದರು. ಒತ್ತಿದರೆ ಮಂಜು ಬಾಯಿಯ ಸುತ್ತ ಹೊಗೆಯ ಹಾಗೆ ತೇಲಿ ಹೊರಗೇ ಹೋಯಿತು. ಬುರುಡೆಗೆ ಮುಖವಾಡ ಸಿಕ್ಕಿಸಿ ಕೊಟ್ಟರು. ಉಸಿರು ಕಟ್ಟಿದಂತಾಗುತ್ತದೆ ಎಂದು ತಾತ ಕಿತ್ತು ಮಡಿಲಲ್ಲಿಟ್ಟುಕೊಂಡರು.

"ಎಳೀರಿ ತಾತ."

"ಎಳೀತಾನೇ... ಇದೀನಲ್ಲಮ್ಮ."

"ಕೆನ್ನೆಯಲ್ಲಿ ಎಳೀತಿದೀರಿ. ಎದೆಯಿಂದ ಎಳೀರಿ."

"ಎದೆ ಎಲ್ಲಿದೆ... ಅಂತ ನನಗೆ ಗೊತ್ತಿಲ್ವಾ?"

ಮೂರು ಸಲ ಬಂದರು, ಮೂರು ಸಲವೂ ಇದೇ ರಾಮಾಯಣ. ಅಕ್ಕನಿಗೆ ತಾತ ಹಟಮಾರಿ ಅನ್ನಿಸಿತು. ತಾತನಿಗೆ ಪೀಪಿ ಕೆಟ್ಟಿದೆ ಅನ್ನಿಸಿತು. ಮನೆಯಲ್ಲಿ ಅಕ್ಕ ಅನ್ನ ಕಲಸಿಕೊಂಡು ಗೋಡೆ ನೋಡುತ್ತ ಕೂತದ್ದು ಕಂಡು ಅಮ್ಮನೇ ಹೇಳಿದರು: "ಆ ಮನುಷ್ಯ ಹಟ ಮಾಡ್ತಿದ್ದಾನೆ ಅಂತೀಯ. ನಾನೂ ಹಟ ಮಾಡಿ ನುಂಗಿದ್ನಾ? ನನಗೆ ಅದೇ ಸರಿ ಅನ್ಸಿತ್ತು. ಅವನಿಗೂ ಏನೋ ಒಂದು ಸರಿ ಅನ್ಸಿರುತ್ತೆ. ಇಲ್ಲಿ ಕೂತು ತಲೆ ಕೆರ್ಕೊಳ್ಳೋ ಬದಲು ಹೋಗಿ ನೋಡ್ಬಾರ್ದಾ?"

ರಜೆಯ ದಿನ ಅಕ್ಕ ಬಸ್ಸು ಹಿಡಿದು ಕುಲುಮೆಯ ಮನೆಗೆ ಹೋದರು. ತಗಡಿನ ಮಾಡು, ಕಪ್ಪು ಗೋಡೆ, ಒಳಗೆ ಬೆಂಕಿಯ ಕಣ್ಣೊಂದು ಗುರ್ ಎನ್ನುತ್ತಿತ್ತು. ಬಾಗಿಲಲ್ಲೇ ತಾತ ಸ್ಟೂಲಿನ ಮೇಲೆ ಕೂತಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ಮುದುಡಿಕೊಂಡಿರುತ್ತಿದ್ದ ತಾತ ಇಲ್ಲಿ ನೆಟ್ಟಗೆ, ಮದುವೆಮನೆಯ ಯಜಮಾನನ ಹಾಗೆ ಕಂಡರು. ಮಗಳು ಕೊಳವೆ ತಿರುಗಿಸುತ್ತಿದ್ದಳು. ತಾತ ಒಂದು ಬೆರಳು ಎತ್ತಿದರೆ ಊದುತ್ತಿದ್ದಳು, ಬೆರಳು ಇಳಿಸಿದರೆ ನಿಲ್ಲಿಸುತ್ತಿದ್ದಳು. ಅಪ್ಪನಿಗೆ ಮಾತಾಡಲು ಉಸಿರು ಸಾಲದಾದಾಗ ಅವರಿಬ್ಬರೂ ಹುಟ್ಟಿಸಿಕೊಂಡ ಭಾಷೆ ಅದು.

"ಅಷ್ಟು ದೂರ ಬಂದಿದೀರಿ, ನೀವೂ ಒಂದ್ಸಲ ಊದಿ ನೋಡಿ ಅಕ್ಕ. ದಿನಾ ನಮ್ಮ ಕೈಲಿ ಊದಿಸ್ತೀರಲ್ಲ" ಎಂದು ಮಗಳು ಕೊಳವೆಯನ್ನು ಅಕ್ಕನ ಕಡೆ ಚಾಚಿದಳು.

ಅಕ್ಕ ಕೊಳವೆಯನ್ನು ತುಟಿಗಿಟ್ಟುಕೊಂಡರು. ಹೊಟ್ಟೆಪಾಡಿಗೆ ದಿನವಿಡೀ ಹೀರುವುದನ್ನೇ ಕಲಿಸುವ ಬಾಯಿ. ಊದುವ ಮೊದಲು ಒಂದು ಉಸಿರು ತುಂಬಿಕೊಳ್ಳೋಣವೆಂದು ಅದು ಕೊಳವೆಯಿಂದಲೇ ಒಳಕ್ಕೆಳೆಯಲು ಹೊರಟಿತು.

ಸ್ಟೂಲು ದಡಕ್ಕೆಂದಿತು. ತಾತ ಎದ್ದು ನಿಂತಿದ್ದರು. "ತೆಗಿ ಬಾಯಿ."

ಮಗಳು ಆಗಲೇ ಕೊಳವೆ ಕಿತ್ತುಕೊಂಡಿದ್ದಳು. ತಾತ ಬಾಗಿಲು ಹಿಡಿದುಕೊಂಡು ಉಸಿರು ಹುಡುಕುತ್ತ, ತುಂಡು ತುಂಡಾಗಿ ಬೈದರು. ಕೊಳವೆ ತುಟಿಗಿಟ್ಟ ಮೇಲೆ ಯಾರಾದರೂ ಒಳಕ್ಕೆಳೆಯುತ್ತಾರೆಯೇ? ಬಿಸಿಗಾಳಿ ಗಂಟಲು ಸುಡುವುದಿಲ್ಲವೇ? ಮೊದಲು ಬಾಯಿ ದೂರ, ಮೂಗಿನಲ್ಲಿ ಉಸಿರು ತುಂಬು, ಆಮೇಲೆ ತುಟಿ ಕೊಡು, ಕೆನ್ನೆಯಲ್ಲಿ ಊದು. ಈ ಕಸುಬಿನಲ್ಲಿ ಮೊದಲ ದಿನದ ಪಾಠ ಅದು. ತಾತನಿಗೆ ಹತ್ತು ವರ್ಷವಿದ್ದಾಗ ಗುರುಗಳು ಬೆನ್ನಿಗೆ ಪೆಟ್ಟು ಕೊಟ್ಟು ಕಲಿಸಿದ್ದು. ಅವತ್ತಿನಿಂದ ಕೊಳವೆ ತುಟಿ ಮುಟ್ಟಿದ್ದೇ ತಡ, ಗಂಟಲು ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ.

ಅಕ್ಕ ಬೈಸಿಕೊಂಡು ನಿಂತಿದ್ದವರು ಕುಸಿದು ಇಟ್ಟಿಗೆಯ ರಾಶಿಯ ಮೇಲೆ ಕೂತರು. ನಗು ತಡೆಯಲಾಗಲಿಲ್ಲ.

"ತಾತ, ನಿಮ್ಮ ಗುರುಗಳು ಕೊಟ್ಟಿದ್ದು ಸಾಮಾನ್ಯ ಪೆಟ್ಟಲ್ಲ. ಈಗಲೂ ನನ್ನ ಔಷಧೀನ ಒಳಗೆ ಬಿಡ್ತಿಲ್ಲ ಅದು."

ತಾತನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು, ಹಳೆಯ ಬೀಗವಿದ್ದ ಬಾಗಿಲನ್ನು ಮುಟ್ಟಿ ನೋಡಿದ ಹಾಗೆ. ರೋಗ ತಿಳಿಯಿತು ಸರಿ, ಮದ್ದು? ಅರವತ್ತು ವರ್ಷಕ್ಕೂ ಹಳೆಯ ಅಭ್ಯಾಸವನ್ನು ಬಿಡಿ ಎಂದರೆ ಬಿಡುವುದು ಹೇಗೆ?

ಅಷ್ಟರಲ್ಲಿ ಚಹಾ ಬಂತು. ಕುಲುಮೆಯ ಮನೆಯಲ್ಲಿ ಯಾರೂ ಲೋಟದಿಂದ ಚಹಾ ಕುಡಿಯುವುದಿಲ್ಲ. ಗಾಜು ಯಾರಿಗೂ ಕಾಯುವುದಿಲ್ಲ, ಚಹಾ ಆರುವವರೆಗೆ ಕೂರಲು ಪುರುಸೊತ್ತಿಲ್ಲ. ಸಾಸರಿಗೆ ಸುರಿದು, ಅಂಚಿಗೆ ಬಾಯಿ ಕೊಟ್ಟು ಒಂದೇ ಸಲಕ್ಕೆ ಹೀರಿ ಎದ್ದುಬಿಡುತ್ತಾರೆ. ತಾತ ಎರಡೂ ಕೈಯಲ್ಲಿ ಸಾಸರು ಮಟ್ಟಸವಾಗಿ ಎತ್ತಿ ಹೀರಿದರು. ಆ 'ಸೊರ್' ಸದ್ದಿಗೆ ಮಾಡಿನ ಮೇಲಿನ ಪಾರಿವಾಳ ಹಾರಿತು.

"ಕ್ಷಮಿಸಿ ಅಕ್ಕ" ಎಂದಳು ಮಗಳು. "ಈ ಸದ್ದಿಗೇ ಅಮ್ಮ ಅಪ್ಪನ ಜೊತೆ ಎಲ್ಲೂ ನೆಂಟರ ಮನೆಗೆ ಹೋಗಲ್ಲ."

ಅಕ್ಕ ಕ್ಷಮಿಸುವ ಸ್ಥಿತಿಯಲ್ಲಿರಲಿಲ್ಲ. ತಾತನ ಎದೆ ನೋಡುತ್ತಿದ್ದರು. ಕೆನ್ನೆಯಲ್ಲ, ಎದೆಯೇ ಎದ್ದಿತ್ತು. ಚೀಲದಿಂದ ಅಭ್ಯಾಸದ ದುಂಡು ಡಬ್ಬಿಯನ್ನು ತೆಗೆದರು. ಒಳಗೆ ಔಷಧಿಯಿಲ್ಲ, ಪೀಪಿ ಮಾತ್ರ. ಅದನ್ನು ತಾತನ ಅಂಗೈ ಮೇಲೆ ಸಾಸರಿನ ಹಾಗೆ ಮಟ್ಟಸವಾಗಿ ಇಟ್ಟರು. ಹೇಗಿದ್ದರೂ ಆ ಡಬ್ಬಿಯನ್ನು ಓರೆ ಮಾಡದೆ ಹಿಡಿಯಬೇಕು, ಇಲ್ಲವಾದರೆ ಪುಡಿ ಚೆಲ್ಲುತ್ತದೆ.

"ಇದು ಕೊಳವೆ ಅಲ್ಲ ತಾತ. ಸಾಸರು. ಚಹಾ ಇದೆ, ಬಿಸಿ ಇದೆ. ಗಾಜು ಕಾಯ್ತಿದೆ, ಬೇಗ ಹೀರಿ."

ತಾತ ಮಗಳನ್ನು ನೋಡಿದರು, ಅಕ್ಕನನ್ನು ನೋಡಿದರು. ಮೂಗಿನಿಂದ ಉಸಿರು ಹೊರಗೆ ಬಿಟ್ಟು, ಅಂಚಿಗೆ ಬಾಯಿ ಕೊಟ್ಟು ಹೀರಿದರು.

'ಪೀ' ಎಂದಿತು. ಸಣ್ಣಗೆ, ಆದರೆ ಎಂದಿತು.

"ಅಮ್ಮನಿಗೆ ಹೇಳ್ಬೇಡಿ" ಎಂದಳು ಮಗಳು ನಿಧಾನವಾಗಿ. "ನಲವತ್ತು ವರ್ಷದಿಂದ ಆ ಸದ್ದಿಗೆ ಬೈತಿದ್ದಾಳೆ. ಈಗ ಅದೇ ಚಿಕಿತ್ಸೆ ಅಂದ್ರೆ ತವರಿಗೆ ಹೊರಟುಬಿಡ್ತಾಳೆ."

ಅಲ್ಲಿಂದ ಮುಂದಿನದು ಹದ ಮಾಡುವ ಕೆಲಸ. ಸಾಸರಿಗೆ ತುಟಿ ಸಡಿಲವಾದರೂ ನಡೆಯುತ್ತದೆ, ಡಬ್ಬಿಯ ಮೂತಿಗೆ ತುಟಿ ಬಿಗಿಯಾಗಬೇಕು. ಸದ್ದು ಕಡಿಮೆ, ಎಳೆತ ಹೆಚ್ಚು. ಹೀರಿದ ಮೇಲೆ ನುಂಗಿದ ಚಹಾದ ಹಾಗೆ ಮರೆತುಬಿಡದೆ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ತಾತ ಮನೆಯಲ್ಲಿ ಮೊದಲು ಖಾಲಿ ಸಾಸರನ್ನು ಒಮ್ಮೆ ಹೀರಿ, ಗಂಟಲಿಗೆ ನೆನಪು ಮಾಡಿಸಿ, ಅನಂತರ ಡಬ್ಬಿ ಎತ್ತುತ್ತಿದ್ದರು. ಕೆಲವು ದಿನ ಬೀಗ ಮತ್ತೆ ಬೀಳುತ್ತಿತ್ತು. ಅಕ್ಕ ಸಂಜೆ ಕೆಲಸ ಮುಗಿಸಿ ಹೋಗುತ್ತಿದ್ದರು, ಚಹಾ ಕುಡಿದು, ಪೀಪಿ ಕೂಗಿಸಿ ಬರುತ್ತಿದ್ದರು. ಪುಡಿ ಒಳಗೆ ಹೋಗುತ್ತಿದೆ ಎಂಬುದೇನೋ ನಿಜ. ಆದರೆ ಅಷ್ಟರಲ್ಲಿ ಕಾಲ ಮೀರಿಹೋಗಿತ್ತೋ ಹೇಗೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಕೊಟ್ಟ ಮೂರು ತಿಂಗಳು ಇವತ್ತಿಗೆ ಮುಗಿಯುತ್ತದೆ.

ತಾತ ಬರುತ್ತಾರೆ. ಮಗಳ ತೋಳು ಹಿಡಿದಿದ್ದಾರೆ, ಬೂಟಿಗೆ ಪಾಲಿಶ್ ಹಾಕಿದ್ದಾರೆ. ಮೆಟ್ಟಿಲಿನ ಹತ್ತಿರ ಒಂದು ಸಲ ನಿಂತರಂತೆ. "ಒಂದೇ ಸಲ" ಎಂದು ಮಗಳು ಅಕ್ಕನ ಕಿವಿಯಲ್ಲಿ ಹೇಳುತ್ತಾಳೆ. ಅಕ್ಕ ತಾತನ ಬೆರಳಿಗೆ ಕ್ಲಿಪ್ ಹಾಕಿ ಕೂರಿಸುತ್ತಾರೆ, ಓಣಿಯ ಉದ್ದಕ್ಕೂ ನಡೆಸುತ್ತಾರೆ, ಯಂತ್ರಕ್ಕೆ ಊದಿಸುತ್ತಾರೆ, ಮಣಿಕಟ್ಟಿನಿಂದ ರಕ್ತ ತೆಗೆಯಲು ನರ್ಸಿನ ಹತ್ತಿರ ಕಳಿಸುತ್ತಾರೆ. ಅಂಕಿಗಳು ಅವರಿಗೆ ಗೊತ್ತು. ಆದರೆ ಅಂಕಿಯ ಅರ್ಥ ಹೇಳುವುದು ಡಾಕ್ಟರಮ್ಮನ ಕೆಲಸ, ತಮ್ಮ ಮುಖದಲ್ಲಿ ಅದು ಕಾಣಬಾರದು ಎಂದು ಅಕ್ಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಾರೆ. ರಕ್ತದ ಫಲಿತಾಂಶ ಬರುವವರೆಗೆ ಒಣಗಿದ ಬುರುಡೆಗಳನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸುತ್ತಾರೆ.

ಡಾಕ್ಟರಮ್ಮ ತಾವೇ ಎದ್ದು ಕೋಣೆಗೆ ಬರುತ್ತಾರೆ.

"ಆಮ್ಲಜನಕದ ಯಂತ್ರ ಬೇಡ ತಾತ. ಸದ್ಯಕ್ಕೆ ಬೇಡ."

"ಸದ್ಯಕ್ಕೆ ಅಂದ್ರೆ?"

"ಈ ಕಾಯಿಲೆ ವಾಸಿಯಾಗೋದಲ್ಲ, ನಿಮಗೆ ಸುಳ್ಳು ಹೇಳಲ್ಲ. ಆದ್ರೆ ಹದ್ದುಬಸ್ತಿಗೆ ಬಂದಿದೆ. ಯಂತ್ರ ಬೇಕಾಗೋ ಗೆರೆಗಿಂತ ಮೇಲಿದೀರಿ. ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ."

"ಮೂರು ತಿಂಗಳು" ಎಂದು ತಾತ ಮಗಳ ಕಡೆ ತಿರುಗುತ್ತಾರೆ. "ಕೇಳಿದೆಯಾ? ಆ ದೊಡ್ಡ ಹೂದಾನಿ ಆರ್ಡರು ಒಪ್ಕೊಂಡ್ಬಿಡು."

ಅಕ್ಕ ಮೂಗು ಒರೆಸಿಕೊಂಡು ಮುಂದಿನವರನ್ನು ಕರೆಯುತ್ತಾರೆ. ಬೆಂಚಿನಲ್ಲಿ ಜನ ಕಾಯುತ್ತಿದ್ದಾರೆ. ತಾತನ ಪ್ರಸಂಗವಾದ ಮೇಲೆ ಅವರ ಪಾಠದ ಮೊದಲ ಪ್ರಶ್ನೆ ಬದಲಾಗಿದೆ. ಹಿಂದೆ 'ಎಷ್ಟು ದಿನದಿಂದ ಉಬ್ಬಸ?' ಎಂದು ಕೇಳುತ್ತಿದ್ದರು. ಈಗ 'ಏನು ಕೆಲಸ ಮಾಡ್ತೀರಿ?' ಎನ್ನುತ್ತಾರೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಯುವ ದರ್ಜಿ ಇನ್ಹೇಲರಿನ ಮೂತಿಯನ್ನೂ ಹಲ್ಲಿನಲ್ಲಿ ಕಚ್ಚಿ ಮುಚ್ಚಿಬಿಡುತ್ತಾನೆ. ಬಸ್ ಕಂಡಕ್ಟರಿಗೆ ಪೀಪಿ ಕೊಟ್ಟರೆ ಹೀರುವ ಬದಲು ಸೀಟಿಯ ಹಾಗೆ ಊದಿ, ಅದು ಕೂಗದಿದ್ದರೆ ಬಾಯಲ್ಲೇ ಇಡೀ ಓಣಿಗೆ 'ರೈಟ್' ಹೇಳುತ್ತಾನೆ. ಡಾಕ್ಟರಮ್ಮನೂ ಈಗ ಚೀಟಿಯ ಮೂಲೆಯಲ್ಲಿ ಕಸುಬು ಬರೆದೇ ಕಳಿಸುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಸಂಬಳದ ಮಾತೆತ್ತುವುದಿಲ್ಲ. "ಈ ಡಬ್ಬಿ ಮಾಡೋರು ದೊಡ್ಡ ಬುದ್ಧಿವಂತರು. ಎದೆಯ ತಳ ಮುಟ್ಟೋ ಅಷ್ಟು ಸಣ್ಣ ಪುಡಿ ಅರೀತಾರಲ್ಲ, ಸಾಮಾನ್ಯಾನಾ? ಉಸಿರು ಒಳಗೆ ಹೋಯ್ತಾ ಅಂತಾನೂ ಹೇಳೋ ಟೊಪ್ಪಿಗೆ ಬಂದಿದೆಯಂತೆ. ಬರಲಿ, ನಮಗೂ ಕೊಡಲಿ. ಚಮಚ ಹಿಡಿಯೋದನ್ನ ಯಾರೂ ಆಸ್ಪತ್ರೆಗೆ ಬಂದು ಕಲಿಯಲ್ಲ ಅಲ್ವಾ, ಇದೂ ಹಾಗೇ ಆಗ್ಬೇಕು. ಆವಾಗ ನನಗೆ ಕೆಲಸ ಇರಲ್ಲ. ಅಮ್ಮನ ಜೊತೆ ಕೂತು ಜಗಳ ಆಡ್ತೀನಿ." ಸ್ವಲ್ಪ ಯೋಚಿಸಿ, "ಅಲ್ಲೀವರೆಗೆ ಒಂದು ಹೊಸ ಪೀಪಿ ಕೊಡಿಸಿದ್ರೆ ಸಾಕು. ಇದರ ಮೂತಿ ಸವೆದಿದೆ" ಎನ್ನುತ್ತಾರೆ.

ಮಧ್ಯಾಹ್ನ ಬೆಂಚು ಖಾಲಿಯಾದಾಗ ಬುತ್ತಿ ಬಿಚ್ಚುವ ಮೊದಲು ಅಕ್ಕ ತಾತನ ಮಗಳಿಗೆ ಫೋನ್ ಮಾಡುತ್ತಾರೆ. ತಾತ ಬಾಯಿ ಮುಕ್ಕಳಿಸಿದರೋ ಇಲ್ಲವೋ ಎಂದು ಕೇಳುವ ನೆಪ. ಮಗಳು ಫೋನ್ ಎತ್ತಿ, "ಒಂದು ನಿಮಿಷ ಅಕ್ಕ, ಗಾಜು ಕೈಯಲ್ಲಿದೆ" ಎಂದು ಅದನ್ನು ಎಲ್ಲೋ ಇಡುತ್ತಾಳೆ. ಕುಲುಮೆಯ ಗುರ್ ಎನ್ನುವ ಸದ್ದು ಬರುತ್ತದೆ. ಅದರ ಮೇಲೆ ತಾತನ ಗಂಟಲು.

"ಇನ್ನೂ ಕೆಂಪಿದೆ ಅಂತ ಹೇಳ್ತಾ ಇದೀನಿ, ಕಿವಿ ಎಲ್ಲಿಟ್ಕೊಂಡಿದೀಯ, ಬಲಕ್ಕೆ ತಿರುಗಿಸು ಅಂದ್ರೆ ಎಡಕ್ಕೆ ತಿರುಗಿಸ್ತೀಯಲ್ಲ, ನಿನಗಿಂತ ನಿಮ್ಮಮ್ಮನಿಗೆ ಕೊಳವೆ ಕೊಟ್ಟಿದ್ರೆ ಇಷ್ಟೊತ್ತಿಗೆ ಎರಡು ಹೂದಾನಿ ಆಗಿರೋದು."

ಅಕ್ಕ ಉತ್ತರಕ್ಕೆ ಕಾಯುವುದಿಲ್ಲ. ಫೋನನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಾರೆ.

"ಅಷ್ಟುದ್ದ ಬೈದರು" ಎನ್ನುತ್ತಾರೆ ಬುತ್ತಿಯ ಮುಚ್ಚಳ ತೆಗೆಯುತ್ತ. "ಮಧ್ಯೆ ಒಂದು ಸಲಾನೂ ನಿಲ್ಲಿಸಲಿಲ್ಲ."